ಕೈಕಟ್ಟಿ ನಿಲ್ಲಲಾರದ ಹುಡುಗಿ

ಯಶವಂತಪುರ
೯-೨-೧೯೬೩

ಪುಟ್ಟ ತಂಗಿ ವೇಣಿಗೆ,

…‘ಬೇಕೂಂತಲೇ ಮಾಡ್ತಾಳೆ’ ಎಂದದ್ದು ಅಮ್ಮನೋ ನಾನೋ ಎಂಬುದು ಹತ್ತು ವರ್ಷವಾದರೂ ನನಗೆ ತೀರ್ಮಾನವಾಗಿರಲಿಲ್ಲ. ಅಮ್ಮನೇ ಎಂದು ನಂಬಿಕೊಂಡಿದ್ದೆ. ಇರಲಿ, ಕಾಗದವನ್ನು ಹೀಗೆ ಶುರುಮಾಡಬಾರದು. ಮೊದಲು ನಿನ್ನ ಆರೋಗ್ಯ ಕೇಳಬೇಕು. ಐದು ತಿಂಗಳು ತುಂಬಿತೆಂದು ಬರೆದಿದ್ದೀಯೆ. ಮಹಡಿ ಹತ್ತುವಾಗ ಉಸಿರು ಕಟ್ಟಿ ಅರ್ಧದಲ್ಲೇ ಕೂತುಬಿಡುತ್ತೀಯಂತೆ. ನಿಮ್ಮತ್ತೆ ‘ಬೆಂಗಳೂರ್ ಹುಡುಗೇರು ನಾಕ್ ಮೆಟ್ಲಿಗೇ ಮುದುಕೇರಾಗ್ತಾರೆ’ ಎಂದು ಹಾಸ್ಯ ಮಾಡಿದರಂತೆ, ನೀನೂ ನಕ್ಕೆಯಂತೆ. ಆ ಸಾಲನ್ನು ನಾನು ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಕೂತು ಮತ್ತೆ ಮತ್ತೆ ಓದಿದೆ. ನಗು ಬರಲಿಲ್ಲ. ನಿನ್ನ ದೇಹಕ್ಕೆ ಸೇರಿದ, ನಿನಗೆ ಗೊತ್ತಿಲ್ಲದ, ನನಗೆ ಗೊತ್ತಿರುವ ಒಂದು ಸಂಗತಿ ಇದೆ. ಅದನ್ನು ಹೇಳಲೆಂದೇ ಕೂತಿದ್ದೇನೆ. ಆದರೆ ಯಾವುದನ್ನೂ ನೇರವಾಗಿ ಹೇಳಿ ಅಭ್ಯಾಸವಿಲ್ಲದವನು ನಾನು, ನೀನು ಬಲ್ಲೆ. ಅಮ್ಮ ಚೆನ್ನಾಗಿದ್ದಾಳೆ. ಮಂಡಿನೋವಿನಲ್ಲೂ ನಿನ್ನ ಬಾಣಂತನಕ್ಕೆಂದು ಹಳೆಯ ಸೀರೆಗಳನ್ನು ಒಗೆದು ಮಡಿಸಿಡುತ್ತಿದ್ದಾಳೆ.

ನಿನಗೆ ಹನ್ನೊಂದು ವರ್ಷವಾಗಿದ್ದಾಗಿನ ಶ್ರಾವಣ ನಿನಗೆ ನೆನಪಿದೆಯೋ ಇಲ್ಲವೋ. ಜ್ವರ ಬಂದು ಗಂಟಲು ಕೆಂಡದಂತಾಗಿತ್ತು. ರೈಲ್ವೆ ದವಾಖಾನೆಯ ಡಾಕ್ಟರು ಹತ್ತು ದಿನ ಇಂಜೆಕ್ಷನ್ ಆಗಬೇಕು, ದಿನಾ ಕರೆದುಕೊಂಡು ಬಾ ಎಂದರು. ಗಂಟಲುನೋವಿಗೆ ಹತ್ತು ಸೂಜಿಯೇ ಎಂದು ನನಗೆ ತಮಾಷೆಯೆನಿಸಿತು. ಎರಡನೆಯ ದಿನವೇ ಕರೆದೊಯ್ಯುವುದನ್ನು ಬಿಟ್ಟೆ. ಅಬ್ಬಿಗೆರೆಯಿಂದ ಮೊಸರು ತರುತ್ತಿದ್ದ ಸೊಣ್ಣಮ್ಮ ನಿನ್ನ ಗಲ್ಲ ಹಿಡಿದು ನೋಡಿ, ‘ಕಿರುನಾಲ್ಗೆ ಬಿದ್ದೈತೆ ಕಣಮ್ಮೋ, ಸೂಜಿಗೀಜಿ ಯಾತಕ್ಕೆ? ಇಂಗೆ ಬಾಯ್ ಬಿಡು ಮಗಾ’ ಎಂದು ಮೆಣಸಿನಪುಡಿ, ಉಪ್ಪು ಹಚ್ಚಿದ ಹೆಬ್ಬೆರಳಿನಿಂದ ಅದನ್ನು ಮೇಲಕ್ಕೆ ಒತ್ತಿದಳು. ನೀನು ಸಂಜೆಗೆ ಗಂಜಿ ಕುಡಿದೆ. ಎಲ್ಲರಿಗೂ ಸಮಾಧಾನ. ನಮ್ಮ ಮನೆಗಳಲ್ಲಿ ಕಿರುನಾಲಿಗೆ ಎತ್ತಿಸಿದ ಮೇಲೆ ಗಂಟಲಿನ ಮಾತನ್ನು ಮತ್ತೆ ಯಾರೂ ಎತ್ತುವುದಿಲ್ಲ. ಸೊಣ್ಣಮ್ಮನನ್ನು ನಾನು ದೂರುವುದಿಲ್ಲ. ಅವಳು ದವಾಖಾನೆಯ ಚೀಟಿ ಓದಿರಲಿಲ್ಲ, ನಾನು ಓದಿದ್ದೆ.

ದಸರೆಗೆ ಗೊಂಬೆ ಕೂರಿಸುವಾಗ ನೀನು ಅಮ್ಮನ ತವರಿನ ಮಣ್ಣಿನ ಗೊಂಬೆಗಳಲ್ಲಿ ಎರಡನ್ನು ಬೀಳಿಸಿದೆ. ಮರುದಿನ ಕಾಫಿ ಲೋಟ. ನಿನ್ನ ಅಕ್ಷರಗಳು ಗೆರೆ ಬಿಟ್ಟು ಕುಣಿಯತೊಡಗಿದವು. ನೀನು ಕಾರಣವಿಲ್ಲದೆ ಅಳುತ್ತಿದ್ದೆ, ಅದರ ಹಿಂದೆಯೇ ನಗುತ್ತಿದ್ದೆ. ಆರತಿಯ ಸಂಜೆ ಎದುರುಮನೆಯ ಅಲಮೇಲಮ್ಮನವರಿಗೆ ಕುಂಕುಮ ಕೊಡುವಾಗ ನಿನ್ನ ಮುಖ ಸೊಟ್ಟಗಾಗಿ ನಾಲಿಗೆ ಹೊರಬಂತು. ‘ಏನೇ, ನನ್ನೇ ಅಣಕಿಸ್ತೀಯೇನೇ? ಉಪೇಂದ್ರ, ನಿನ್ನ ತಂಗಿ ಭಾರೀ ಆಗ್ಬಿಟ್ಟಿದ್ದಾಳೆ ಕಣಪ್ಪಾ’ ಎಂದರು ಅವರು. ಅಪ್ಪನಿಲ್ಲದ ಮನೆಯ ಹಿರಿಯ ನಾನು. ಅಷ್ಟು ಜನರ ಮುಂದೆ ನಿನ್ನ ಕೆನ್ನೆಗೆ ಹೊಡೆದೆ. ಆಮೇಲೆ ಕೈಕಟ್ಟಿ ನಿಲ್ಲು ಎಂದೆ. ನೀನು ಕಟ್ಟಿದೆ, ಕೈ ಬಿಚ್ಚಿಕೊಂಡಿತು. ಮತ್ತೆ ಕಟ್ಟಿದೆ, ಭುಜ ಹಾರಿತು. ಪ್ರತಿಸಲವೂ ಅದನ್ನು ಹಟವೆಂದುಕೊಂಡೆ. ‘ಅಣ್ಣಾ, ಅದೇ ಬರತ್ತೆ, ನಾನಲ್ಲ’ ಎಂದೆ ನೀನು. ‘ಬೇಕೂಂತಲೇ ಮಾಡ್ತಾಳೆ’ ಎಂದು ಆಗ ಹೇಳಿದ್ದು ನಾನು. ಅಮ್ಮ ಗಾಳಿ ಸೋಕಿದೆಯೆಂದು ಹೆದರಿ ಅಳುತ್ತಿದ್ದಳು. ಅವಳಿಗೆ ಆ ಮಾತು ಆಡುವಷ್ಟು ಕೋಪವೇ ಇರಲಿಲ್ಲ.

ಹದಿನೈದು ದಿನವಾದ ಮೇಲೆ ನಿನ್ನನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದೆ. ಅಲ್ಲಿನ ಡಾಕ್ಟರು ನಿನ್ನ ಕೈಯನ್ನು ಸುಮ್ಮನೆ ತಮ್ಮ ಕೈಯಲ್ಲಿ ಹಿಡಿದುಕೊಂಡು, ‘ಈಚೆಗೆ ಗಂಟಲು ನೋವು ಬಂದಿತ್ತಾ?’ ಎಂದು ಕೇಳಿದರು. ಅಮ್ಮ, ‘ಕಿರುನಾಲಿಗೆ ಬಿದ್ದಿತ್ತು, ಎತ್ತಿಸಿದ್ವಿ’ ಎಂದಳು. ಅವರು ಬರೆಯುವುದನ್ನು ನಿಲ್ಲಿಸಿದರು. ಗಂಟಲಿನ ಆ ಸೋಂಕು ವಾಸಿಯಾದಂತೆ ಕಂಡರೂ ಕೆಲವು ಮಕ್ಕಳಲ್ಲಿ ಹೀಗೆ ಮಿದುಳಿಗೆ ತೊಂದರೆ ಕೊಡುತ್ತದೆ. ಕೈಕಾಲು, ಮುಖ, ಅಳು, ನಗು ಯಾವುದೂ ಮಗುವಿನ ವಶದಲ್ಲಿರುವುದಿಲ್ಲ ಎಂದು ವಿವರಿಸಿದರು. ‘ಹೊಡೆದಿಲ್ಲ ತಾನೇ?’ ಎಂದರು. ಇಲ್ಲ ಎಂದೆ. ನೀನು ನನ್ನ ಮುಖ ನೋಡಿದೆ. ಮೂರು ತಿಂಗಳಲ್ಲಿ ಕೈ ತಾನಾಗಿ ಶಾಂತವಾಯಿತು. ಆಸ್ಪತ್ರೆಗೆ ಹೋದ ದಿನ ನನ್ನೊಬ್ಬನನ್ನೇ ವರಾಂಡಕ್ಕೆ ಕರೆದು ಆ ಡಾಕ್ಟರು ಹೇಳಿದ ಇನ್ನೊಂದು ಮಾತನ್ನು ಮಾತ್ರ ಮನೆಗೆ ತರಲಿಲ್ಲ. ಮದುವೆಯ ಮಾತುಕತೆಯಲ್ಲಿ ನಿಮ್ಮ ಮಾವನವರು ‘ಹುಡುಗಿಗೆ ಏನಾದರೂ ಕಾಯಿಲೆ ಕಸಾಲೆ?’ ಎಂದು ಕೇಳಿದಾಗ ಮತ್ತೆ ಇಲ್ಲ ಎಂದೆ. ಎರಡನೆಯ ಸಲ ಅದು ಎಷ್ಟು ಸಲೀಸಾಗಿ ಬಂತು! ಸೀಮಂತ ಮುಗಿಸಿ ಏಳನೆಯ ತಿಂಗಳಿಗೆ ನಿನ್ನನ್ನು ಕರೆತಂದ ಮೇಲೆ ಇಲ್ಲಿನ ಡಾಕ್ಟರಿಗೆ ಗುಟ್ಟಾಗಿ ಹೇಳಿದರಾಯಿತು, ಯಾರಿಗೂ ತಿಳಿಯುವುದು ಬೇಡ ಎಂದು ಲೆಕ್ಕ ಹಾಕಿದ್ದೆ. ನಿನ್ನ ಕಾಗದ ಬಂದ ಮೇಲೆ ಆ ಎರಡು ತಿಂಗಳು ನನಗೆ ಬಹಳ ಉದ್ದವಾಗಿ ಕಾಣುತ್ತಿದೆ.

ಹಿರಿಯರಿಗೆ ನನ್ನ ನಮಸ್ಕಾರ ಹೇಳು. ಅಮ್ಮ ನಿನ್ನ ತಲೆ ಸವರಿದ್ದಾಳೆಂದು ತಿಳಿ.

ನಿನ್ನ ಅಣ್ಣ,
ಉಪೇಂದ್ರ

ಮರೆತು ಬಿಟ್ಟದ್ದಲ್ಲ: ನಿಮ್ಮಲ್ಲಿ ಕಾಗದವನ್ನು ಮಾವನವರು ಮೊದಲು ಓದುತ್ತಾರೆ, ಅದಕ್ಕೇ ಇದನ್ನು ಅಂಚೆಗೆ ಹಾಕದೆ ಗಾರ್ಡ್ ಅಕ್ಬರ್ ಪಾಷಾ ಅವರ ಕೈಲಿ ಕಳಿಸುತ್ತಿದ್ದೇನೆ. ಗಾಡಿ ಬಂದು ನಿಂತಿದೆ. ಡಾಕ್ಟರು ವರಾಂಡದಲ್ಲಿ ಹೇಳಿದ್ದು ಇದು: ಅದೇ ಸೋಂಕು ನಿನ್ನ ಹೃದಯದ ಒಂದು ಕವಾಟವನ್ನೂ ಕೆಡಿಸಿದೆ. ‘ಮುಂದೆ ಬಸಿರಾದಾಗ ಮೊದಲ ದಿನವೇ ಡಾಕ್ಟರಿಗೆ ಹೇಳ್ಬೇಕು, ಇಲ್ಲದಿದ್ದರೆ ಜೀವಕ್ಕೇ ಅಪಾಯ.’ ನಾಳೆಯೇ ದಾವಣಗೆರೆಯ ಆಸ್ಪತ್ರೆಗೆ ಹೋಗು. ಈ ಕಾಗದವನ್ನೇ ತೋರಿಸು, ನಿನ್ನ ಯಜಮಾನರಿಗೂ ತೋರಿಸು. ಸುಳ್ಳು ಹೇಳಿದವನು ನಾನು, ನೀನಲ್ಲ. ಒಂದನ್ನು ಮಾತ್ರ ಬರೆದು ಪಾಷಾ ಅವರ ಕೈಲಿ ಕಳಿಸು: ಮಲಗಿದಾಗಲೂ ಉಸಿರು ಕಟ್ಟುತ್ತದೆಯೇ, ವೇಣಿ?