ಪಾರ್ಸೆಲ್‌ನಲ್ಲಿ ಬಂದ ಕುಲಾವಿ

ಅಪ್ಪಾ,

ನೀವು ಹೊಲಿದು ಕಳಿಸಿದ ಕುಲಾವಿ, ಪುಟ್ಟ ಅಂಗಿ ಎರಡೂ ತಲುಪಿದವು. ಮಗುವೊಂದೇ ಇಲ್ಲ.

ನನ್ನ ಇಮೇಲ್ ನಿಮ್ಮ ಫೋನಿನಲ್ಲೂ ತೆರೆದುಕೊಳ್ಳುತ್ತದೆ ಎನ್ನುವುದು ಮರೆತೇಹೋಗಿತ್ತು. ‘ತಾಯಿಯಾಗುತ್ತಿರುವ ನಿಮಗೆ ಅಭಿನಂದನೆ, ಉಡುಗೊರೆ ಹೊರಟಿದೆ’ ಎಂದು ಆ ಆನ್‌ಲೈನ್ ಅಂಗಡಿಯವರು ತಪ್ಪಿ ಎಲ್ಲರಿಗೂ ಕಳಿಸಿದ್ದಾರೆ. ನಮ್ಮ ಆಫೀಸಿನ ಮೀಸೆ ಅಂಕಲ್‌ಗೂ ಬಂದಿದೆ. “ಈ ವಯಸ್ಸಲ್ಲಿ ಮನೇಲಿ ಏನಂತ ಹೇಳ್ಲಿ” ಅಂತ ತಲೆ ಮೇಲೆ ಕೈ ಹೊತ್ತು ಕೂತಿದ್ದಾರೆ.

ಮದುವೆಯಾಗದ ಮಗಳಿಗೆ ಇಂಥದ್ದು ಬಂದರೆ ನೀವು ರಂಪ ಮಾಡುವವರು. ಆದರೆ ಗಿರಾಕಿಗಳ ಬಟ್ಟೆಯನ್ನೆಲ್ಲ ಬದಿಗಿಟ್ಟು ಇದನ್ನು ಹೊಲಿದಿರಿ. ಜೊತೆಗೊಂದು ಚೀಟಿ: “ಒಬ್ಳೇ ಒದ್ದಾಡ್ಬೇಡ, ಮನೆಗೆ ಬಾ.” ಮಗು ಬೆಳೆದಾಗ ಬಿಚ್ಚಿ ದೊಡ್ಡದು ಮಾಡಲೆಂದು ಅಂಗಿಯ ಹೊಲಿಗೆಯೊಳಗೆ ಬಟ್ಟೆಯನ್ನೂ ಬಿಟ್ಟಿದ್ದೀರಿ. ಅದನ್ನು ನೋಡಿದ ಮೇಲೆ ನಿಮ್ಮ ಸಿಟ್ಟಿನ ಭಯ ಹೋಯಿತು.

ಹಾಗಾಗಿ ಒಂದು ಕೆಲಸ ಹೇಳುತ್ತೇನೆ. ಇನ್ನೊಂದು ಅಂಗಿ ಬೇಕು, ದೊಡ್ಡವರದು. ಎದೆ ನಲವತ್ತು, ತೋಳು ಇಪ್ಪತ್ತನಾಲ್ಕು. ಯಾರದೆಂದು ಅಮ್ಮನಿಗೆ ಗೊತ್ತು, ಅವಳನ್ನು ಬೈಯಬೇಡಿ.

ನಾನು ತೆಗೆದ ಅಳತೆಯನ್ನು ನೀವು ಯಾವತ್ತೂ ನಂಬಿದವರಲ್ಲ. ಭಾನುವಾರ ಅವನನ್ನೇ ಕರೆತರುತ್ತೇನೆ. ಟೇಪು ಹಿಡಿದು ನೀವೇ ಒಮ್ಮೆ ನೋಡಿ.

ನಿಮ್ಮ ಮಗಳು