ಅಳಿಸಿದ ಸಾಲನ್ನು ಮತ್ತೆ ಸೇರಿಸಬೇಡ

ಪ್ರೀತಿಯ ಅಣ್ಣನಿಗೆ (ಪ್ರೀತಿ ಇವತ್ತು ಸ್ವಲ್ಪ ಕಮ್ಮಿಯೇ),

ಕೈಪಿಡಿಯಿಂದ ನಿನ್ನೆ ನಾನು ತೆಗೆದುಹಾಕಿದ ಹಳೆಯ ಆಯ್ಕೆಗಳನ್ನೆಲ್ಲ ನೀನು ಕೂತಲ್ಲಿಂದಲೇ ಮತ್ತೆ ಸೇರಿಸಿದ್ದೀಯ. ನೋಡಿ ತಲೆ ಚಿಟ್ಟು ಹಿಡಿಯಿತು. ಕಡತಗಳಿಗೆ ಬೀಗ ಹಾಕಲು ಕೀಲಿ ತಯಾರಿಸುವ ಆ ತಂತ್ರಾಂಶ ನಿನ್ನ ಕೂಸು, ಒಪ್ಪಿದೆ. ಆದರೆ ಅದರ ಕೈಪಿಡಿಯನ್ನು ನನ್ನ ತಲೆಗೆ ಕಟ್ಟಿದವನೂ ನೀನೇ.

ಯಾವಾಗ ಕೇಳಿದರೂ ನಿನ್ನದು ಒಂದೇ ರಾಗ: "ಇರ್ಲಿ ಬಿಡೇ, ಅದೇನು ಅನ್ನ ಕೇಳುತ್ತಾ?" ಅಟ್ಟದ ಮೇಲಿನ ಮುರುಕು ಕುರ್ಚಿಗೂ ಇದೇ ಮಾತು. ಕುರ್ಚಿ ಮುರಿದಿರುವುದು ಕಣ್ಣಿಗೆ ಕಾಣುತ್ತದೆ ಅಣ್ಣ, ನಿನ್ನ ಸಾಲುಗಳದ್ದು ಕಾಣುವುದಿಲ್ಲ.

"ಕೀಲಿಯ ಪ್ರತಿ ಉಳಿಸು" ಎಂಬ ಆಯ್ಕೆಯನ್ನೇ ನೋಡು. ಪ್ರತಿಗಳು ಎಲ್ಲೆಂದರಲ್ಲಿ ಬಿದ್ದಿದ್ದರೆ ಅಪಾಯ ಎಂದು ತಂತ್ರಾಂಶದಿಂದ ಅದನ್ನು ಕಿತ್ತುಹಾಕಿದವನು ನೀನೇ. ಹಳಬರಿಗೆ ಕಿರಿಕಿರಿಯಾಗದಿರಲಿ ಎಂದು, ಯಾರಾದರೂ ಆ ಆಯ್ಕೆಯನ್ನು ಕೊಟ್ಟರೆ ತಂತ್ರಾಂಶ ತಕರಾರಿಲ್ಲದೆ ಒಪ್ಪಿಕೊಳ್ಳುವ ಹಾಗೆ ನೀನು ಮಾಡಿದೆ. ಒಪ್ಪಿಕೊಳ್ಳುವುದಷ್ಟೇ, ಮಾಡುವುದು ಏನೂ ಇಲ್ಲ. ಕೈಪಿಡಿಯಲ್ಲಿ ಮಾತ್ರ ಅದಿನ್ನೂ ಪ್ರತಿ ಉಳಿಸುತ್ತಲೇ ಇದೆ!

ಅದನ್ನು ನಂಬಿ ಕೆಟ್ಟವರು ಯಾರು ಗೊತ್ತೇ? ಅತ್ತಿಗೆ. ತೀರಿಹೋದ ಅವರಪ್ಪನ ಧ್ವನಿಮುದ್ರಣಗಳಿಗೆಲ್ಲ ಬೀಗ ಹಾಕಿ ಬೇರೆ ಡಿಸ್ಕಿನಲ್ಲಿ ಜೋಪಾನವಾಗಿಟ್ಟಿದ್ದರು. ಕೀಲಿ ಇದ್ದ ಲ್ಯಾಪ್‌ಟಾಪ್ ಮೊನ್ನೆ ಸುಟ್ಟುಹೋಯಿತು. ಪ್ರತಿ ಇದೆಯಲ್ಲ ಎಂದು ಧೈರ್ಯವಾಗಿದ್ದವರು, ಅದು ಸಿಗದಿದ್ದಾಗ ನನ್ನನ್ನು ಕರೆದರು. ಎಲ್ಲಿ ಸಿಗಬೇಕು? ಪ್ರತಿ ಎಂಬುದು ಆಗಿಯೇ ಇರಲಿಲ್ಲ. ಕೀಲಿಯಿಲ್ಲದೆ ಬೀಗ ತೆರೆಯದು, ಆ ಧ್ವನಿ ಇನ್ನು ಯಾರಿಗೂ ಕೇಳುವುದಿಲ್ಲ.

ಕೈಪಿಡಿಯ ಆ ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಅತ್ತಿಗೆ ಏನೆಂದರು ಗೊತ್ತೇ? "ನಿಮ್ಮಣ್ಣಂಗೆ ಹೇಳ್ಬೇಡ ಕಣೆ, ಬೈತಾರೆ. ನಾನೇ ಎಲ್ಲೋ ತಪ್ಪು ಮಾಡಿದೀನಿ. ಅವರು ಬರೆದಿದ್ದು ತಪ್ಪಿರಲ್ಲ."

ಇಷ್ಟು ದಿನ ನಿನ್ನ ಮೇಲೆ ಬರೀ ರೇಗುತ್ತಿದ್ದೆ. ನಿನ್ನೆ ಅಳು ಬಂತು. ನಿಜ ಹೇಳಲು ಬಾಯಿ ಬರಲಿಲ್ಲ. ಅದು ನಾನು ಹೇಳಬೇಕಾದ ಮಾತೂ ಅಲ್ಲ.

ಆ ಸಾಲುಗಳನ್ನು ಈಗಷ್ಟೇ ಮತ್ತೆ ಅಳಿಸಿದ್ದೇನೆ. ದಮ್ಮಯ್ಯ, ಮುಟ್ಟಬೇಡ. ಅತ್ತಿಗೆ ಇನ್ನೊಮ್ಮೆ ಆ ಪುಟ ತೆರೆದೇ ತೆರೆಯುತ್ತಾರೆ. ಬೆರಳಿಡಲು ಅಲ್ಲಿ ಸಾಲಿರುವುದಿಲ್ಲ. ಎಲ್ಲಿ ಹೋಯಿತು ಎಂದು ಕೇಳಿದಾಗ ಪಕ್ಕದಲ್ಲಿ ನೀನಿರು.

ನಿನಗೆ ಒಳ್ಳೆಯದಾಗಲಿ. ಅತ್ತಿಗೆ ಬಾಯಿ ತುಂಬ ಬೈದರೆ ಇನ್ನೂ ಒಳ್ಳೆಯದಾಗಲಿ.

ಇಂತಿ,
ನಿನ್ನ ತಂಗಿ