ಮರೆತು ಬಂದ ರೆಕಾರ್ಡರ್

ಕೊಪ್ಪಳ
ಆಗಸ್ಟ್ 12

ಮಾನ್ಯ ಗೀತಾ ಮೇಡಂ ಅವರಿಗೆ ವಂದನೆಗಳು.

ನನ್ನ ಸಂಶೋಧನಾ ಪ್ರಬಂಧದ ಮೂರನೆಯ ಅಧ್ಯಾಯವನ್ನು ದಯವಿಟ್ಟು ಓದಬೇಡಿ. ಹಳ್ಳಿಯ ಮಕ್ಕಳು ಇಂಗ್ಲಿಷ್ ತರಗತಿಯಲ್ಲಿ ಪ್ರಶ್ನೆಯನ್ನೇ ಕೇಳುವುದಿಲ್ಲ ಎಂದು ಅದರಲ್ಲಿ ಬರೆದಿದ್ದೆ. ಕನಕಗಿರಿ ಕಡೆಯ ಶಾಲೆಯೊಂದರಲ್ಲಿ ಎರಡು ವರ್ಷ, ಅಲ್ಲಿನ ಇಂಗ್ಲಿಷ್ ಟೀಚರ್ ಹಾಕಿಕೊಟ್ಟ ಕುರ್ಚಿಯಲ್ಲಿ ಕುಳಿತು ಕಂಡದ್ದು ಅಷ್ಟೇ. ಅಂಥದೇ ಶಾಲೆಯಲ್ಲಿ ಕಲಿತ ನನಗೆ, ಹಾಗೆ ಬರೆದಂದಿನಿಂದ ನೆಮ್ಮದಿ ಇರಲಿಲ್ಲ.

ಕಳೆದ ವಾರ ರೆಕಾರ್ಡರನ್ನು ಆಫ್ ಮಾಡದೆ ತರಗತಿಯಲ್ಲೇ ಮರೆತು ಬಂದೆ. ನಾನು ಹೊರಟ ಮೇಲಿನ ಮಾತೂ ಅದರಲ್ಲಿತ್ತು.

“ಸಾಹೇಬ್ರು ಹೋದ್ರು. ಈಗ ಖರೇ ಹೇಳ್ರಿ, ಎಷ್ಟು ತಿಳೀತು?”

“ಏನೂ ತಿಳೀಲಿಲ್ರಿ ಟೀಚರ್!”

ಟೀಚರ್ ನಕ್ಕು, ಅದೇ ಪಾಠವನ್ನು ಕನ್ನಡ ಬೆರೆಸಿ ಮತ್ತೆ ಮಾಡಿದರು. ಇಪ್ಪತ್ತು ನಿಮಿಷದಲ್ಲಿ ಮಕ್ಕಳು ಮೂವತ್ತೊಂದು ಪ್ರಶ್ನೆ ಕೇಳಿದ್ದಾರೆ.

ಆ ಮಾತುಗಳನ್ನು ಪ್ರಬಂಧದಲ್ಲಿ ಬಳಸಿಕೊಳ್ಳಲು ಟೀಚರ ಅನುಮತಿ ಕೇಳಿದೆ. “ಇಂಗ್ಲಿಷ್ ನೋಡಾಕ ಬಂದೋರ ಮುಂದ ಕನ್ನಡ ಆಡಿದ್ರ ಮರ್ಯಾದಿ ಅಲ್ಲಂತ ಹುಡುಗರನ್ನ ಸುಮ್ನ ಕುಂದರಿಸಿದ್ದೆರಿ ಸರ. ಬರಕೊಳ್ರಿ, ನನ್ನ ಹೆಸರು ಮಾತ್ರ ಬ್ಯಾಡ” ಎಂದರು.

ಎರಡು ವರ್ಷದ ಕೆಲಸ ಸುಳ್ಳಾಯಿತು. ಆದರೂ ಮನಸ್ಸು ಹಗುರಾಗಿದೆ. ಆರು ತಿಂಗಳ ಹೆಚ್ಚುವರಿ ಅವಧಿಗೆ ಅರ್ಜಿ ಲಗತ್ತಿಸಿದ್ದೇನೆ, ಸಹಿ ಮಾಡಿಕೊಡಿ. ಹೊಸ ಅಧ್ಯಾಯವನ್ನು ಆ ಕುರ್ಚಿಯ ಕಥೆಯಿಂದಲೇ ಶುರುಮಾಡುತ್ತೇನೆ.

ನಿಮ್ಮ ವಿದ್ಯಾರ್ಥಿಗಳಲ್ಲಿ ಹಿರಿಯ,
ಉಮಾಪತಿ